ನಮ್ಮ ಮಾತಿನೊಳಗಿನ ಪಾರಸಿ ವ್ಯಾಕರಣ

ಪೇಟೆಯ ವರ್ತಕರೂ ಸರ್ಕಾರದ ಕಚೇರಿಗಳೂ ದಿನವೂ ಬಳಸುವ ಎರಡು ಮಾತುಗಳಿವೆ. ಹೊರನಾಡಿನಿಂದ ಬರುವ ಸರಕಿಗೆ ಆಮದು ಎನ್ನುತ್ತೇವೆ; ಹೊರನಾಡಿಗೆ ಹೋಗುವ ಸರಕಿಗೆ ರಫ್ತು ಎನ್ನುತ್ತೇವೆ. ನಮ್ಮ ಪಾಲಿಗೆ ಇವೆರಡೂ ನಾಮಪದಗಳು. ವಿಭಕ್ತಿ ಪ್ರತ್ಯಯಗಳನ್ನು ಹಚ್ಚಿ, ಆಮದಿನ ಮೇಲೆ ಸುಂಕ, ರಫ್ತಿಗೆ ಪರವಾನಗಿ ಎಂದು ಯಾವ ಸಂಕೋಚವೂ ಇಲ್ಲದೆ ಆಡುತ್ತೇವೆ. ಆದರೆ ಇವುಗಳ ತವರಾದ ಪಾರಸಿ ಭಾಷೆಯಲ್ಲಿ ಇವು ಪೂರ್ಣ ಕ್ರಿಯಾಪದಗಳು. 'ಆಮದ್' ಎಂದರೆ ಬಂದಿತು. 'ರಫ್ತ್' ಎಂದರೆ ಹೋಯಿತು. ಪಾರಸಿಯ ಒಂದಕ್ಷರವನ್ನೂ ಓದಲಾರದ ಕನ್ನಡಿಗನು ಪಾರಸಿಯ ಭೂತಕಾಲವನ್ನು ತಾನರಿಯದೆಯೇ ನಾಲಗೆಯ ಮೇಲೆ ಹೊತ್ತು ತಿರುಗುತ್ತಿದ್ದಾನೆಂದಾಯಿತು.

ವ್ಯಾಕರಣವೆಂದೊಡನೆ ಬೇಸರಪಡುವವರು ಬಹುಮಂದಿ. ಅದರಲ್ಲಿಯೂ ಬಲದಿಂದ ಎಡಕ್ಕೆ ಬರೆಯುವ, ಪರಿಚಯವಿಲ್ಲದ ಲಿಪಿಯ ಭಾಷೆಯೆಂದರೆ ಅಂಜಿಕೆ ಇಮ್ಮಡಿಯಾಗುವುದು ಸಹಜ. ಆದರೆ ಪಾರಸಿಯ ವ್ಯಾಕರಣಕ್ಕೆ ಒಂದೇ ಒಂದು ಬೀಗದ ಕೈ ಉಂಟು. ಅದು ಆಗಲೇ ನಮ್ಮ ಮನೆಯಲ್ಲಿದೆ. ನಮ್ಮ ಕಚೇರಿ, ಪೇಟೆ, ಗದ್ದೆಗಳ ಮಾತಿನಲ್ಲಿ ಆ ವ್ಯಾಕರಣದ ಮುಖ್ಯ ಭಾಗವೆಲ್ಲ ಹುದುಗಿ ಕುಳಿತಿದೆ. ಅದನ್ನು ಹೊರಗೆ ತೆಗೆದು ತೋರಿಸುವುದಷ್ಟೇ ಇಂದಿನ ಉದ್ದೇಶ. ಉಚ್ಚಾರದಲ್ಲಿ ಬಹುಮಟ್ಟಿಗೆ ಹಿಂದೂಸ್ಥಾನದಲ್ಲಿ ರೂಢಿಯಲ್ಲಿದ್ದ ಕ್ರಮವನ್ನೇ ಹಿಡಿದಿದ್ದೇನೆ. ಇರಾನಿನವರ ಇಂದಿನ ಉಚ್ಚಾರ ಸ್ವಲ್ಪ ಬೇರೆ.

ಈ ಮಾತುಗಳು ನಮ್ಮಲ್ಲಿಗೆ ಬಂದ ಬಗೆಯನ್ನು ಮೊದಲು ನೆನೆಯಬೇಕು. 1347 ರಲ್ಲಿ ಬಹಮನಿ ರಾಜ್ಯವು ಸ್ಥಾಪಿತವಾಗಿ ಕಲಬುರಗಿ ಅದರ ರಾಜಧಾನಿಯಾಯಿತು. ಅಂದಿನಿಂದ 1799 ರಲ್ಲಿ ಶ್ರೀರಂಗಪಟ್ಟಣವು ಬೀಳುವವರೆಗೆ, ನಾಲ್ಕೂವರೆ ಶತಮಾನಗಳ ಕಾಲ, ಕನ್ನಡ ನಾಡಿನ ಒಂದಲ್ಲ ಒಂದು ಭಾಗದಲ್ಲಿ ಪಾರಸಿಯು ಆಸ್ಥಾನದ ಭಾಷೆಯಾಗಿತ್ತು. ಬೀದರಿನಲ್ಲಿ 1472 ರಲ್ಲಿ ದೊಡ್ಡ ಮದ್ರಸವನ್ನು ಕಟ್ಟಿಸಿದ ಮಂತ್ರಿ ಮಹಮೂದ್ ಗವಾನನು ಇರಾನಿನ ಗೀಲಾನ್ ಸೀಮೆಯವನು. ಅವನ ಪಾರಸಿ ಪತ್ರಗಳ ಸಂಗ್ರಹ ಇಂದಿಗೂ ಉಳಿದಿದೆ. ಫಿರಿಸ್ತನು ತನ್ನ ಹೆಸರಾಂತ ಇತಿಹಾಸವನ್ನು ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನ ಆಶ್ರಯದಲ್ಲಿ ಪಾರಸಿಯಲ್ಲಿ ರಚಿಸಿದನು. ಹೈದರ್ ಮತ್ತು ಟಿಪ್ಪು ಇವರ ಚರಿತ್ರೆಯನ್ನು ಕಿರ್ಮಾನಿ ಬರೆದದ್ದೂ ಪಾರಸಿಯಲ್ಲಿಯೇ. ಹೀಗೆ ಆಳುವವರ ಲೇಖನಿಯಿಂದ ಇಳಿದ ಮಾತುಗಳು ಕ್ರಮೇಣ ರೈತನ ಪಟ್ಟೆಯನ್ನೂ ಅಂಗಡಿಯ ಲೆಕ್ಕವನ್ನೂ ಸೇರಿದುವು. ಅರಬ್ಬಿಯ ಮಾತುಗಳು ಬಹುಮಟ್ಟಿಗೆ ಪಾರಸಿಯ ಕೈ ಹಿಡಿದೇ ಬಂದುವು. ಆದುದರಿಂದಲೇ ಅಮಲು, ತಹಸೀಲು, ಜವಾಬು ಎಂಬ ಅರಬ್ಬಿ ಶಬ್ದಗಳ ಬೆನ್ನಿಗೆ 'ದಾರ' ಎಂಬ ಪಾರಸಿ ಬಾಲವು ಅಂಟಿಕೊಂಡಿದೆ.

ಇನ್ನು ವ್ಯಾಕರಣದ ವಿಷಯ. ಪಾರಸಿಯಲ್ಲಿ ಪ್ರತಿಯೊಂದು ಧಾತುವಿಗೂ ಎರಡು ಪ್ರಕೃತಿಗಳಿವೆ. ಪ್ರಕೃತಿಯೆಂದರೆ ಪ್ರತ್ಯಯವು ಹತ್ತುವ ಮೂಲರೂಪ. ಒಂದನ್ನು ಭೂತಪ್ರಕೃತಿಯೆಂದೂ ಇನ್ನೊಂದನ್ನು ವರ್ತಮಾನಪ್ರಕೃತಿಯೆಂದೂ ಕರೆಯೋಣ. ಕೋಶಗಳಲ್ಲಿ ಧಾತುವನ್ನು 'ಹೋಗುವಿಕೆ', 'ಬರುವಿಕೆ' ಎಂಬ ಭಾವರೂಪದಲ್ಲಿ ಕೊಟ್ಟಿರುತ್ತಾರೆ. ಅದರ ಕೊನೆಯಲ್ಲಿ ಯಾವಾಗಲೂ 'ದನ್' ಅಥವಾ 'ತನ್' ಇರುತ್ತದೆ: ಆಮದನ್, ಬರುವಿಕೆ, ರಫ್ತನ್, ಹೋಗುವಿಕೆ, ಖರೀದನ್, ಕೊಳ್ಳುವಿಕೆ. ಕೊನೆಯ 'ಅನ್' ಎಂಬುದನ್ನು ತೆಗೆದುಬಿಟ್ಟರೆ ಭೂತಪ್ರಕೃತಿಯು ಸಿದ್ಧ: ಆಮದ್, ರಫ್ತ್, ಖರೀದ್. ಇದಕ್ಕೆ ಅಪವಾದವೇ ಇಲ್ಲ. ನಮ್ಮ ಆಮದು, ರಫ್ತು, ಖರೀದಿ ಈ ಮೂರೂ ಭೂತಪ್ರಕೃತಿಗಳು. ವ್ಯಂಜನದಲ್ಲಿ ಕೊನೆಗಾಣುವುದನ್ನು ಕನ್ನಡವು ಒಪ್ಪದಿದ್ದುದರಿಂದ ಮೊದಲಿನ ಎರಡಕ್ಕೆ ಉಕಾರವು ಬಂದಿತು. ಮೂರನೆಯದರ ಇಕಾರವು ಪಾರಸಿಯ ಪ್ರತ್ಯಯವೇ.

ವರ್ತಮಾನಪ್ರಕೃತಿಯನ್ನು ಮಾತ್ರ ಧಾತುವಿನಿಂದ ಹಾಗೆ ಸುಲಭವಾಗಿ ಊಹಿಸಲಾಗದು. ಖರೀದನ್ ಎಂಬಂತೆ 'ಈದನ್' ಎಂದು ಮುಗಿಯುವವು ಸಾಮಾನ್ಯವಾಗಿ ಸರಳ. ಅದನ್ನು ಕಳೆದು 'ಖರ್' ಎಂದರಾಯಿತು. ಉಳಿದವುಗಳಲ್ಲಿ ಕೆಲವು ಜಾಡುಗಳಿವೆ. ಭೂತದ ಶಕಾರವು ವರ್ತಮಾನದಲ್ಲಿ ರೇಫವಾಗುವುದುಂಟು: ದಾಶ್ತನ್, ಹಿಡಿದಿರುವಿಕೆ, ಅದರ ವರ್ತಮಾನಪ್ರಕೃತಿ 'ದಾರ್'. ಖಕಾರವು ಜಕಾರವಾಗುವುದುಂಟು: ದೂಖ್ತನ್, ಹೊಲಿಯುವಿಕೆ, ಅದು 'ದೂಜ್' ಆಗುತ್ತದೆ. ಪಾರಸಿಯಲ್ಲಿ ಜರ್ ಎಂದರೆ ಚಿನ್ನ. ಚಿನ್ನದೆಳೆಯ ಹೊಲಿಗೆಯೇ ನಮ್ಮ ಹೆಂಗಸರು ಬಲ್ಲ ಜರದೋಜಿ. ಫಕಾರವು ವಕಾರವೋ ಬಕಾರವೋ ಆಗುವುದುಂಟು: ರಫ್ತನ್ ಎಂಬುದಕ್ಕೆ 'ರವ್'. ಸರಕನ್ನು ರವಾನೆ ಮಾಡಿದರು ಎನ್ನುತ್ತೇವಷ್ಟೆ. ಆ ರವಾನೆಯು ಈ 'ರವ್' ಎಂಬುದರಿಂದ ಹುಟ್ಟಿದುದು. ರಫ್ತು, ರವಾನೆ ಈ ಎರಡೂ ಒಂದೇ ಧಾತುವಿನ ಎರಡು ಪ್ರಕೃತಿಗಳ ಮಕ್ಕಳು.

ಎರಡು ಪ್ರಕೃತಿಗಳು ಕೈಗೆ ಬಂದ ಮೇಲೆ ಕಾಲಗಳೆಲ್ಲವೂ ಆರು ಪುರುಷಪ್ರತ್ಯಯಗಳ ಆಟ. ನಾನು ಎಂಬುದಕ್ಕೆ 'ಅಮ್', ನೀನು ಎಂಬುದಕ್ಕೆ 'ಈ', ಅವನು ಎಂಬುದಕ್ಕೆ 'ಅದ್'. ಬಹುವಚನದಲ್ಲಿ 'ಈಮ್', 'ಈದ್', 'ಅಂದ್'. ಭೂತಪ್ರಕೃತಿಗೆ ಇವನ್ನು ಹಚ್ಚಿದರೆ ರಫ್ತಮ್, ಹೋದೆನು, ರಫ್ತೀ, ಹೋದೆ, ರಫ್ತಂದ್, ಹೋದರು. ಪ್ರಥಮಪುರುಷದ ಏಕವಚನದಲ್ಲಿ ಮಾತ್ರ ಭೂತಕಾಲಕ್ಕೆ ಪ್ರತ್ಯಯವೇ ಇಲ್ಲ. ಬರಿಯ 'ರಫ್ತ್' ಸಾಕು. ಲಿಂಗಭೇದವೂ ಇಲ್ಲ. ನಾವು ಹೋದನು, ಹೋದಳು, ಹೋಯಿತು ಎಂದು ಮೂರು ಬಗೆಯಾಗಿ ಹೇಳುವುದನ್ನು ಪಾರಸಿಯವನು ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತಾನೆ.

ವರ್ತಮಾನಪ್ರಕೃತಿಗೆ ಅದೇ ಪ್ರತ್ಯಯಗಳನ್ನು ಹಚ್ಚಿ ಮುಂದೆ 'ಮೀ' ಎಂಬ ಉಪಸರ್ಗವನ್ನಿಟ್ಟರೆ ವರ್ತಮಾನಕಾಲ: ಮೀ ರವಮ್, ಹೋಗುತ್ತೇನೆ. ಈ 'ಮೀ' ಎಂಬುದನ್ನು ಭೂತಪ್ರಕೃತಿಯ ಮುಂದಿಟ್ಟರೆ ಮೀ ರಫ್ತಮ್, ಹೋಗುತ್ತಿದ್ದೆನು. 'ಮೀ' ಎಂಬುದಕ್ಕೆ ಬದಲಾಗಿ 'ಬಿ' ಎಂಬುದನ್ನು ವರ್ತಮಾನಪ್ರಕೃತಿಯ ಮುಂದಿಟ್ಟರೆ ವಿಧಿಯೋ ಸಂಭಾವನೆಯೋ ಆಗುತ್ತದೆ: ಬಿರವದ್, ಹೋಗಲಿ. ಭೂತಪ್ರಕೃತಿಗೆ ಹ್ರಸ್ವ ಅಕಾರವನ್ನು ಸೇರಿಸಿದರೆ ಭೂತಕೃದಂತ: ರಫ್ತ, ಹೋದ. ಅದರ ಮೇಲೆ ಸಹಾಯಕ ಕ್ರಿಯೆ ಬಂದು ರಫ್ತ ಅಸ್ತ್, ಹೋಗಿದ್ದಾನೆ. ರಫ್ತ ಬೂದ್, ಹೋಗಿದ್ದನು. ಭವಿಷ್ಯತ್ಕಾಲಕ್ಕೆ 'ಬಯಸು' ಎಂಬ ಅರ್ಥದ ಖ್ವಾಸ್ತನ್ ಧಾತುವಿನ ಸಹಾಯ ಬೇಕು. ಖ್ವಾಹಮ್ ರಫ್ತ್ ಎಂದರೆ, ಬಿಡಿಸಿ ನೋಡಿದರೆ ಹೋಗಬಯಸುತ್ತೇನೆ; ರೂಢಿಯಲ್ಲಿ ಹೋಗುವೆನು. ಇಂಗ್ಲಿಷಿನ 'ವಿಲ್' ಎಂಬ ಸಹಾಯಕ ಕ್ರಿಯೆಯೂ ಮೂಲದಲ್ಲಿ ಬಯಕೆಯ ಮಾತೇ. ವಾಕ್ಯದ ಕಟ್ಟಂತೂ ನಮಗೆ ಹೊಸದಲ್ಲ. 'ಮನ್ ಕಿತಾಬ್ ರಾ ಖರೀದಮ್' ಎಂದರೆ 'ನಾನು ಪುಸ್ತಕವನ್ನು ಕೊಂಡೆನು'; ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯೆ ಕೊನೆ. 'ರಾ' ಎಂಬುದು ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ.

ಈಗ ಪ್ರತ್ಯಯಗಳಿಗೆ ಬರೋಣ. ಕನ್ನಡದಲ್ಲಿ ನಾವು ಪಾರಸಿಯ ಪ್ರತ್ಯಯಗಳೆಂದು ಎಣಿಸುವ ದಾರ, ಗೀರ, ನವೀಸ, ಬಂದ, ಕೋರ ಮೊದಲಾದವುಗಳಲ್ಲಿ ಬಹುಭಾಗವು ನಿಜವಾಗಿ ಪ್ರತ್ಯಯಗಳಲ್ಲ, ಅವು ವರ್ತಮಾನಪ್ರಕೃತಿಗಳು. ನಾಮಪದದ ಮುಂದೆ ವರ್ತಮಾನಪ್ರಕೃತಿಯನ್ನು ನಿಲ್ಲಿಸಿದೊಡನೆ 'ಅದನ್ನು ಮಾಡುವವನು' ಎಂಬ ಅರ್ಥವು ಹುಟ್ಟುತ್ತದೆ. ಇದು ಪಾರಸಿಯ ಸಮಾಸಗಳ ಮೂಲಸೂತ್ರ. ಕರ್ದನ್, ಮಾಡುವಿಕೆ, ಅದರ ವರ್ತಮಾನಪ್ರಕೃತಿ 'ಕುನ್', ಕಾರ್ ಎಂದರೆ ಕೆಲಸ, ಕೆಲಸ ಮಾಡುವವನು ಕಾರಕೂನ. ನವಿಶ್ತನ್, ಬರೆಯುವಿಕೆ, ಅದಕ್ಕೆ 'ನವೀಸ್', ಚಿಟ್ಟಿಗಳನ್ನು ಬರೆಯುವವನು ಚಿಟನೀಸ. ಬಸ್ತನ್, ಕಟ್ಟುವಿಕೆ, ಅದಕ್ಕೆ 'ಬಂದ್', ಕುದುರೆಗೆ ಲಾಳ ಕಟ್ಟುವವನು ನಾಲಬಂದ. ಖುರ್ದನ್, ತಿನ್ನುವಿಕೆ, ಅದಕ್ಕೆ 'ಖೋರ್', ಲಂಚ ತಿನ್ನುವವನು ಲಂಚಕೋರ. ಈ ಕೊನೆಯ ಮಾತಿನಲ್ಲಿ ಪಾರಸಿಯೂ ಕನ್ನಡವೂ ಒಂದೇ ರೂಪಕವನ್ನು ಹಿಡಿದಿರುವುದು ಗಮನಾರ್ಹ.

ಗಿರಿಫ್ತನ್ ಎಂದರೆ ಹಿಡಿಯುವಿಕೆ. ಅದರ ವರ್ತಮಾನಪ್ರಕೃತಿ 'ಗೀರ್'. ಜಾ ಎಂದರೆ ಸ್ಥಳ. ಸ್ಥಳವನ್ನು ಹಿಡಿದುದು ಜಾಗೀರು. ಅದರ ಒಡೆಯ ಜಾಗೀರುದಾರನೆಂಬಲ್ಲಿ ಹಿಡಿಯುವ ಎರಡು ಧಾತುಗಳು ಒಂದರ ಮೇಲೊಂದು ಕುಳಿತಿವೆ. ದಸ್ತ್ ಎಂದರೆ ಕೈ. ಪಾರಸಿಯಲ್ಲಿ ದಸ್ತಗೀರನೆಂದರೆ ಕೈ ಹಿಡಿದು ಕಾಯುವವನು. ಆ ಅರ್ಥದಲ್ಲಿಯೇ ಅದು ನಮ್ಮ ನಾಡಿನ ಮುಸಲ್ಮಾನ ಮನೆಗಳಲ್ಲಿ ಪ್ರೀತಿಯ ಹೆಸರಾಗಿದೆ. ಕೈ ಹಿಡಿಯಲ್ಪಟ್ಟವನು, ಸೆರೆಸಿಕ್ಕವನು ಎಂಬುದೂ ಅದೇ ಶಬ್ದದ ಅರ್ಥ. ಅದಕ್ಕೆ ಭಾವವಾಚಕದ ಈಕಾರವು ಸೇರಿ ಪೊಲೀಸರ ದಸ್ತಗಿರಿಯಾಯಿತು. ರಕ್ಷಣೆಯೂ ಬಂಧನವೂ ಒಂದೇ ಸಮಾಸದ ಎರಡು ಮುಖಗಳು.

'ದಾರ್' ಎಂಬುದರ ವಂಶಾವಳಿಯಂತೂ ಬಹು ದೀರ್ಘವಾದುದು. ಹಿಂದೆ ಮೈಸೂರು ಸೀಮೆಯ ತಾಲ್ಲೂಕಿನ ಅಧಿಕಾರಿಯನ್ನು ಅಮಲ್ದಾರರೆನ್ನುತ್ತಿದ್ದರು, ಈಗ ತಹಸೀಲ್ದಾರರೆನ್ನುತ್ತಾರೆ. ಕಚೇರಿಯ ಶಿರಸ್ತೆದಾರರ ಹೆಸರನ್ನು ಬಿಡಿಸಿದರೆ ಸರ್, ರಿಶ್ತ, ದಾರ್ ಎಂಬ ಮೂರು ಭಾಗಗಳು ದೊರೆಯುತ್ತವೆ. ಸರ್ ಎಂದರೆ ಶಿರಸ್ಸು, ತುದಿ. ರಿಶ್ತ ಎಂಬುದು ನೂಲುವಿಕೆಯೆಂಬ ಧಾತುವಿನ ಭೂತಕೃದಂತ. ನೂತದ್ದು, ಎಂದರೆ ದಾರ. ನೂಲಿನ ತುದಿಯನ್ನು ಹಿಡಿದವನು ಶಿರಸ್ತೆದಾರ. ನಮ್ಮ ನಾಟಕಗಳ ಸೂತ್ರಧಾರನೂ ಅವನೂ ಹೆಸರಿನ ಮಟ್ಟಿಗೆ ಒಬ್ಬರೇ. ಇದು ಕೇವಲ ಕಾಕತಾಳೀಯವಲ್ಲ. ಪಾರಸಿಯ 'ದಾರ್' ಎಂಬುದೂ ಸಂಸ್ಕೃತದ 'ಧಾರ' ಎಂಬುದೂ ಒಂದೇ ಮೂಲಧಾತುವಿನಿಂದ ಬಂದವು. ಕ್ರಿಸ್ತಪೂರ್ವ 522 ರಿಂದ 486 ರವರೆಗೆ ಇರಾನನ್ನಾಳಿ, ಬೆಹಿಸ್ತೂನ್ ಬಂಡೆಯ ಮೇಲೆ ಶಾಸನವನ್ನು ಕೆತ್ತಿಸಿದ ದರಾಯಸ್ ಚಕ್ರವರ್ತಿಯ ನಿಜವಾದ ಹೆಸರು ದಾರಯವಹು; ಒಳಿತನ್ನು ಧರಿಸಿದವನು ಎಂದರ್ಥ. ಅದನ್ನು ಅಕ್ಷರಕ್ಕೆ ಅಕ್ಷರವಾಗಿ ಸಂಸ್ಕೃತಕ್ಕೆ ತಂದರೆ ಧಾರಯದ್ವಸು ಎಂದಾಗುವುದು. ಎರಡೂವರೆ ಸಾವಿರ ವರ್ಷಗಳ ಹಿಂದೆ ಚಕ್ರವರ್ತಿಯ ಹೆಸರಿನಲ್ಲಿದ್ದ ಧಾತುವು ಇಂದು ನಮ್ಮ ಪಾಲುದಾರ, ಗುತ್ತಿಗೆದಾರರಲ್ಲಿ ಬಾಳುತ್ತಿದೆ. ಪಾಲು, ಗುತ್ತಿಗೆ ಇವು ಅಚ್ಚಗನ್ನಡ. ಬಾಲ ಮಾತ್ರ ಪಾರಸಿ. ಎರವಲು ಬಂದ ಪ್ರಕೃತಿಯು ಕನ್ನಡದಲ್ಲಿ ಹೊಸ ಪದಗಳನ್ನು ಹುಟ್ಟಿಸುವಷ್ಟು ಬೇರೂರಿತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಡ.

ಬಂದೋಬಸ್ತು ಎಂಬ ಮಾತಿನಲ್ಲಂತೂ ಪಾರಸಿ ವ್ಯಾಕರಣದ ಸಾರವೇ ಅಡಗಿದೆ. 'ಬಂದ್' ವರ್ತಮಾನಪ್ರಕೃತಿ, 'ಬಸ್ತ್' ಭೂತಪ್ರಕೃತಿ, ನಡುವಿನ 'ಓ' ಎಂಬುದಕ್ಕೆ 'ಮತ್ತು' ಎಂದರ್ಥ. ಕಟ್ಟುವಿಕೆಯೆಂಬ ಒಂದೇ ಧಾತುವಿನ ಎರಡು ರೂಪಗಳನ್ನು ಜೋಡಿಸಿ, ಸಡಿಲವಿಲ್ಲದಂತೆ ಮಾಡಿದ ಏರ್ಪಾಡು ಎಂಬ ಭಾವವನ್ನು ತಂದಿದ್ದಾರೆ.

ನಿಜವಾದ ಪ್ರತ್ಯಯಗಳೂ ಇಲ್ಲದಿಲ್ಲ. ಕಾಯುವವನೆಂಬ ಅರ್ಥದಲ್ಲಿ 'ಬಾನ್': ತೋಟವನ್ನು ಕಾಯುವವನು ಬಾಗಬಾನ್, ನಮ್ಮ ಉತ್ತರದ ಜಿಲ್ಲೆಗಳ ಬಾಗವಾನ. ಉಳ್ಳವನೆಂಬ ಅರ್ಥದಲ್ಲಿ 'ವಾರ್': ಉಮೇದು ಎಂದರೆ ಆಸೆ, ಆಸೆಯುಳ್ಳವನು ಉಮೇದುವಾರ. ಚುನಾವಣೆಗೆ ನಿಂತವನಿಗೆ ಇದಕ್ಕಿಂತ ಒಪ್ಪುವ ಹೆಸರು ದೊರೆಯದು. ಕಿರಿದೆಂಬ ಅರ್ಥದಲ್ಲಿ 'ಚ': ಬಾಗ್ ಎಂದರೆ ತೋಟ, ಚಿಕ್ಕ ತೋಟ ಬಗೀಚೆ. ಭಾವಾರ್ಥದಲ್ಲಿ ಈಕಾರವು ಬರುವುದನ್ನು ಜವಾಬ್ದಾರಿ, ದಸ್ತಗಿರಿಗಳಲ್ಲಿ ಕಂಡೆವು. ಆದರೆ ಪರವಾನ ಎಂಬಂತೆ ಅಕಾರದಲ್ಲಿ ಮುಗಿಯುವ ಕೆಲವು ಪದಗಳಿಗೆ ಈಕಾರವು ಹತ್ತುವಾಗ ನಡುವೆ ಗಕಾರವೊಂದು ತಲೆಯೆತ್ತುತ್ತದೆ: ಪರವಾನಗಿ, ಜಿಂದಗಿ. ಈ ಗಕಾರವು ಎಲ್ಲಿಂದಲೋ ಬಂದುದಲ್ಲ. ಇಸ್ಲಾಮಿಗೆ ಮುಂಚಿನ ಪಹ್ಲವಿ ಭಾಷೆಯಲ್ಲಿ ಇಂಥ ಪದಗಳ ಕೊನೆಯಲ್ಲಿ ಗಕಾರವಿದ್ದಿತು. ಪದದ ತುದಿಯಲ್ಲಿ ಅದು ಸವೆದುಹೋಯಿತು. ಪ್ರತ್ಯಯದ ಆಸರೆ ದೊರೆತಲ್ಲಿ ಉಳಿದುಕೊಂಡಿತು. ನಮ್ಮ ಪರವಾನಗಿಯಲ್ಲಿ ಸಾವಿರ ವರ್ಷಗಳಿಗೂ ಹಿಂದಿನ ಆ ಅಕ್ಷರವನ್ನು ನಾವು ಇಂದಿಗೂ ಉಚ್ಚರಿಸುತ್ತಿದ್ದೇವೆ.

ಸಂಸ್ಕೃತವನ್ನು ಬಲ್ಲ ಶ್ರೋತೃಗಳು ಈಗಾಗಲೇ ನೆಂಟಸ್ತಿಕೆಯನ್ನು ಗುರುತಿಸಿರಬಹುದು. ಅಸ್ತ್ ಎಂಬುದು ಅಸ್ತಿ. ಬಂದ್ ಎಂಬುದು ಬಂಧ. ದಸ್ತ್ ಎಂಬುದು ಹಸ್ತ. ಹೊರುವಿಕೆಯೆಂಬ ಧಾತುವಿನಲ್ಲಿ ಬರಮ್, ಬರದ್, ಬರಂದ್ ಎಂಬ ರೂಪಗಳನ್ನು ಭರಾಮಿ, ಭರತಿ, ಭರಂತಿ ಎಂಬವುಗಳ ಪಕ್ಕದಲ್ಲಿಟ್ಟರೆ ಬೇರೆ ವಿವರಣೆಯೇ ಬೇಡ. ನಿಷೇಧದ 'ಮಕುನ್', ಮಾಡಬೇಡ, ಎಂಬಲ್ಲಿನ ಮಕಾರವು ಸಂಸ್ಕೃತದ 'ಮಾ' ಎಂಬುದೇ. ಆದರೆ ಇಲ್ಲೊಂದು ಎಚ್ಚರಿಕೆಯೂ ಅಗತ್ಯ. ಧ್ವನಿ ಹೋಲಿದ ಮಾತ್ರಕ್ಕೆ ಮೂಲವನ್ನು ನಿರ್ಣಯಿಸಲಾಗದು. ಸೌದಾಗರನ 'ಗರ' ಪಾರಸಿಯದು. ಬಳೆಗಾರನ 'ಗಾರ'ವಾದರೋ ಪಾರಸಿಯು ಇತ್ತ ಕಾಲಿಡುವುದಕ್ಕೆ ಮೊದಲೇ ಕನ್ನಡದಲ್ಲಿ ನೆಲೆಸಿದ್ದ ತದ್ಧಿತ ಪ್ರತ್ಯಯ.

ಕಿವಿಯು ಮೋಸಹೋಗುವ ಇನ್ನೊಂದು ಜೋಡಿಯನ್ನು ಹೇಳುತ್ತೇನೆ. ರೈತನು ಜಮೀನಿಗಾಗಿ ದರಖಾಸ್ತು ಹಾಕುತ್ತಾನೆ; ಸಭೆಯು ಬರಖಾಸ್ತಾಗುತ್ತದೆ. ಎರಡೂ ಭೂತಪ್ರಕೃತಿಗಳು, ಕೇಳುವುದಕ್ಕೆ ಒಡಹುಟ್ಟಿದವುಗಳಂತಿವೆ. ಆದರೆ ದರಖಾಸ್ತು ಬಯಸುವ ಧಾತುವಿನಿಂದ ಬಂದುದು. ಪಾರಸಿಯಲ್ಲಿ ಬರೆಯುವಾಗ ಅದರೊಳಗೆ ಉಚ್ಚಾರಕ್ಕೆ ಬಾರದ 'ವಾವ್' ಅಕ್ಷರವಿರುತ್ತದೆ. ಬರಖಾಸ್ತು ಏಳುವ ಧಾತುವಿನಿಂದ ಬಂದುದು. ಅದರಲ್ಲಿ ಆ ಅಕ್ಷರವಿಲ್ಲ. ವರ್ತಮಾನಪ್ರಕೃತಿಗೆ ಬಂದರೆ ಮೊದಲನೆಯದು 'ಖ್ವಾಹ್', ಎರಡನೆಯದು 'ಖೇಜ್'. ಅಲ್ಲಿ ಸಂಬಂಧವೇ ಇಲ್ಲವೆಂಬುದು ಬಯಲಾಗುತ್ತದೆ. ಅರ್ಜಿಯೆಂದರೆ ಬಯಕೆ, ಸಭೆ ಮುಗಿಯಿತೆಂದರೆ ಜನ ಎದ್ದರು. ಇದನ್ನು ಕಿವಿಯಿಂದ ಅರಿಯಲಾಗದು. ಅಕ್ಷರದಿಂದಲೂ ವ್ಯಾಕರಣದಿಂದಲೂ ಅರಿಯಬೇಕು.

ಇದೆಲ್ಲ ಪಂಡಿತರ ವಿನೋದವೆಂದು ಯಾರಾದರೂ ಎಣಿಸುವುದಾದರೆ ಒಂದು ಉದಾಹರಣೆಯನ್ನು ಅವರ ಮುಂದಿಡುತ್ತೇನೆ. ದಾದನ್ ಎಂದರೆ ಕೊಡುವಿಕೆ. 'ದಾದ' ಎಂಬುದು ಅದರ ಭೂತಕೃದಂತ, ನಮ್ಮ 'ದತ್ತ'. ಅದರ ಮುಂದೆ 'ಆಗು' ಎಂಬ ಅರ್ಥದ ಶುದನ್ ಧಾತು ಬಂದರೆ ಕರ್ಮಣಿ ಪ್ರಯೋಗ. 'ದಾದ ಶುದ್' ಎಂದರೆ ಕೊಡಲಾಯಿತು. 'ದಾದ ಶವದ್' ಎಂದರೆ ಕೊಡಲ್ಪಡಲಿ. 'ದಾದ ಖ್ವಾಹದ್ ಶುದ್' ಎಂದರೆ ಮುಂದೆ ಕೊಡಲಾಗುವುದು. ಒಂದು ಊರಿನ ಇನಾಮಿನ ವಿಷಯವಾದ ಸನದಿನಲ್ಲಿ ಈ ಮೂರರಲ್ಲಿ ಯಾವುದು ಇದೆಯೆಂಬುದರ ಮೇಲೆ, ಆ ಊರು ಕೊಟ್ಟುದೋ, ಕೊಡಬೇಕೆಂದು ಆಜ್ಞೆಯಾದುದೋ, ಬರಿಯ ವಾಗ್ದಾನವೋ ಎಂಬುದು ನಿಲ್ಲುತ್ತದೆ. 'ಶುದ್', 'ಶವದ್' ಎಂಬ ಅಲ್ಪಭೇದದಲ್ಲಿ ಒಂದು ಮನೆತನದ ಹಕ್ಕು, ಒಂದು ಮಠದ ಅಥವಾ ದರ್ಗಾದ ಭೂಮಿ, ಇತಿಹಾಸಕಾರನ ಒಂದು ನಿರ್ಣಯ ಅಡಗಿರುತ್ತದೆ. ಕಾಲವನ್ನು ತಪ್ಪಾಗಿ ಓದಿದವನು ಆಗದುದನ್ನು ಆಯಿತೆಂದು ಹೇಳಿದಂತಾಗುವುದು.

1837 ರಲ್ಲಿ ಕಂಪನಿ ಸರ್ಕಾರವು ತನ್ನ ನ್ಯಾಯಾಲಯಗಳಿಂದ ಪಾರಸಿಯನ್ನು ತೆಗೆಯಿತು. ಅನಂತರ ಅನ್ನದ ಆಸೆಯಿಂದ ಪಾರಸಿಯನ್ನು ಕಲಿಯುವವರು ಕ್ರಮೇಣ ಇಲ್ಲವಾದರು. ಕಾಗದಗಳು ಮಾತ್ರ ಉಳಿದುವು. ಬಿಜಾಪುರ, ಬೀದರುಗಳ ಗೋಡೆಗಳ ಮೇಲೆ ಶಿಲಾಲೇಖಗಳು ಉಳಿದುವು. ನಮ್ಮದೇ ನಾಡಿನ ಚರಿತ್ರೆಯ ಈ ಭಾಗವನ್ನು ನಾವು ಬಹುಮಟ್ಟಿಗೆ ಇಂಗ್ಲಿಷ್ ಭಾಷಾಂತರಗಳ ಮೂಲಕ ಓದುತ್ತೇವೆ. ಭಾಷಾಂತರಕಾರನು ಎಲ್ಲಿ ಎಡವಿದನೋ ಅಲ್ಲಿ ನಾವೂ ಎಡವುತ್ತೇವೆ. ಎಡವಿದೆವೆಂಬ ಅರಿವೂ ನಮಗಿರುವುದಿಲ್ಲ. ಆ ಕಾಲವನ್ನು ಕುರಿತು ಹೊಗಳುವವರೂ ತೆಗಳುವವರೂ ನಮ್ಮಲ್ಲಿ ಹೇರಳವಾಗಿದ್ದಾರೆ. ಮೂಲವನ್ನು ಓದಿ ಹೇಳಬಲ್ಲವರು ಬೆರಳೆಣಿಕೆಯಷ್ಟು ಮಂದಿ.

ಕನ್ನಡದಿಂದ ಇಂಥ ಮಾತುಗಳನ್ನೆಲ್ಲ ಹೊರಹಾಕಬೇಕೆನ್ನುವವರುಂಟು. ಹೇಗಿದ್ದರೆ ಹಾಗಿರಲಿ ಎನ್ನುವವರೂ ಉಂಟು. ಇರಿಸುವುದಾಗಲಿ ತೆಗೆಯುವುದಾಗಲಿ ಅರಿತು ಮಾಡಿದರೆ ಶೋಭೆ. ಪಾರಸಿಯನ್ನು ಕಲಿಯಬಯಸುವ ಕನ್ನಡಿಗನು ಬರಿಗೈಯಲ್ಲಿ ಹೊರಡುವುದಿಲ್ಲವೆಂಬುದು ನನ್ನ ಅಭಿಪ್ರಾಯ. ಒಂದು ಕಾಗದದ ಮೇಲೆ ಎರಡು ಸಾಲುಗಳನ್ನು ಮಾಡಲಿ: ಒಂದರಲ್ಲಿ ರಫ್ತು, ಆಮದು, ಖರೀದಿ, ಬಸ್ತು, ದರಖಾಸ್ತು, ಇನ್ನೊಂದರಲ್ಲಿ ದಾರ, ಗೀರ, ಬಂದ, ಕೂನ, ಕೋರ. ಪ್ರತಿಯೊಂದರ ಎದುರಿಗೆ ಅದರ ಜೊತೆಯ ಪ್ರಕೃತಿಯನ್ನು ಕೋಶದಿಂದ ಹುಡುಕಿ ತುಂಬಲಿ. ಆರು ಪುರುಷಪ್ರತ್ಯಯಗಳನ್ನು ಬಾಯಿಪಾಠ ಮಾಡಲಿ. ಲಿಪಿಗೆ ಕೆಲವು ವಾರಗಳ ಅಭ್ಯಾಸ ಸಾಕು. ಅಷ್ಟಾದ ಮೇಲೆ ಹಳೆಯ ಸನದೊಂದು ಕೈಗೆ ಬಂದಾಗ, ಅದರ ಕೊನೆಯ ಕ್ರಿಯಾಪದದ ಮೇಲೆ ಬೆರಳಿಟ್ಟು, ಕೊಟ್ಟರೋ ಕೊಡುವೆವೆಂದರೋ ಎಂಬುದನ್ನು ಅವನು ತಾನೇ ಓದಿ ಹೇಳಬಲ್ಲನು.